ಹೊಲದ ಗೊಬ್ಬರ, ಕೆರೆಯ ಪಾಚಿ: ರಂಜಕದ ಜಮಾ-ಖರ್ಚು



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಷೇರು ಬಂಡವಾಳ, ಸಾಲ ವಸೂಲಿ, ಲಾಭ-ನಷ್ಟದ ವಿವರಗಳೆಲ್ಲ ಬೇರೆ ಪುಟಗಳಲ್ಲಿ ಬಂದೇ ಬರುತ್ತವೆ. ಲೆಕ್ಕದ ಪುಸ್ತಕದಲ್ಲಿ ಕಾಣದ ಇನ್ನೊಂದು ಜಮಾ-ಖರ್ಚಿನ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ನಾವು ಹೊರಟಿದ್ದೇವೆ. ಮುಂಗಾರು ಬಂತೆಂದರೆ ಸಹಕಾರ ಸಂಘದ ಗೋದಾಮಿನ ಮುಂದೆ ಡಿಎಪಿ ಮೂಟೆಗೆ ಜನ ಸಾಲು ನಿಲ್ಲುವುದು ಯಾವ ಊರಿನಲ್ಲಾದರೂ ಕಾಣುವ ನೋಟ. ಮೂಟೆ ಗಾಡಿಗೆ ಏರಿತು, ರಸೀದಿ ಹರಿದು ಕೊಟ್ಟಾಯ್ತು, ಅಲ್ಲಿಗೆ ಸಂಘದ ಲೆಕ್ಕ ಮುಗೀತು. ಆದರೆ ಗೊಬ್ಬರದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಹಾಕಿದ್ದರಲ್ಲಿ ಬೆಳೆಗೆ ಹೋದದ್ದೆಷ್ಟು, ಮಣ್ಣಲ್ಲಿ ಉಳಿದದ್ದೆಷ್ಟು, ಮಳೆನೀರಿನ ಜೊತೆ ಹಳ್ಳ ಹಿಡಿದು ಕೆರೆ ಸೇರಿದ್ದೆಷ್ಟು?

ಈ ಪ್ರಶ್ನೆಯನ್ನು ಕಷ್ಟಪಟ್ಟು ಕಲಿತವರು ಅಮೆರಿಕ ಮತ್ತು ಕೆನಡಾ ಗಡಿಯಲ್ಲಿರುವ ಈರಿ ಸರೋವರದ ಸುತ್ತಲಿನ ಜನ. ಅವರು ಒಂದು ಸಲ ಸರೋವರವನ್ನು ಕೆಡಿಸಿಕೊಂಡರು, ದುಡ್ಡು ಸುರಿದು ಸರಿಮಾಡಿಕೊಂಡರು, ಇಪ್ಪತ್ತು ವರ್ಷದಲ್ಲಿ ಮತ್ತೆ ಕೆಡಿಸಿಕೊಂಡರು. ಆ ಚರಿತ್ರೆಯನ್ನು ಮೊದಲು ಹೇಳಿ, ಆಮೇಲೆ ನಮ್ಮ ಕೆರೆಕಟ್ಟೆಗಳ ಕಡೆಗೆ ಬರುತ್ತೇವೆ.

ಮೂತ್ರದಿಂದ ಮೂಟೆಯವರೆಗೆ

ಡಿಎಪಿ, ಸೂಪರ್ ಫಾಸ್ಫೇಟ್ ಗೊಬ್ಬರಗಳ ಜೀವಾಳ ಅಂದರೆ ರಂಜಕ. ಇಂಗ್ಲಿಷಿನವರು ಫಾಸ್ಫರಸ್ ಅನ್ನುತ್ತಾರೆ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ, ಚಿನ್ನ ಮಾಡುವ ಗುಟ್ಟು ಸಿಗುತ್ತದೆಯೋ ಅಂತ ಮೂತ್ರವನ್ನು ಕೊಡಗಟ್ಟಲೆ ಕುದಿಸಿ ಬತ್ತಿಸಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ಮಿನುಗುವ ಒಂದು ವಸ್ತು ಸಿಕ್ಕಿತು. ಬೆಳಕು ತರುವುದು ಎಂಬ ಅರ್ಥದ ಗ್ರೀಕ್ ಹೆಸರು ಅದಕ್ಕೆ ಬಿತ್ತು. ಮನುಷ್ಯನ ಮೂಳೆ, ಹಲ್ಲು, ದನದ ಸಗಣಿ, ಕಾಳಿನ ಬೀಜ, ಎಲ್ಲದರಲ್ಲೂ ಈ ರಂಜಕ ಇದೆ. ಇದಿಲ್ಲದೆ ಬೇರು ಇಳಿಯುವುದಿಲ್ಲ, ಕಾಳು ಕಟ್ಟುವುದಿಲ್ಲ.

1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರು ಮೂಳೆ ಮತ್ತು ಫಾಸ್ಫೇಟ್ ಕಲ್ಲಿಗೆ ಗಂಧಕಾಮ್ಲ ಸೇರಿಸಿ ಗೊಬ್ಬರ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದೇ ಸೂಪರ್ ಫಾಸ್ಫೇಟ್. ಮರುವರ್ಷ, 1843ರಲ್ಲಿ, ತಮ್ಮ ರಾಥಮ್‌ಸ್ಟೆಡ್ ಜಮೀನಿನಲ್ಲಿ ಗೋಧಿಗೆ ಯಾವ ಗೊಬ್ಬರ ಹಾಕಿದರೆ ಏನಾಗುತ್ತದೆ ಅಂತ ಪ್ರಯೋಗ ಶುರುಮಾಡಿದರು. ಆ ತಾಕು ಇವತ್ತಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ 1967ರಲ್ಲಿ ಸಹಕಾರ ಸಂಘಗಳೇ ಸೇರಿ ಇಫ್ಕೋ ಸಂಸ್ಥೆಯನ್ನು ಕಟ್ಟಿದವು. 1975ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ಅದರ ಮಿಶ್ರಗೊಬ್ಬರದ ಕಾರ್ಖಾನೆ ಚಾಲೂ ಆಯಿತು. ಫಾಸ್ಫೇಟ್ ಕಲ್ಲು ಮಾತ್ರ ನಮ್ಮಲ್ಲಿ ಕಡಿಮೆ. ರಾಜಸ್ಥಾನದ ಉದಯಪುರದ ಹತ್ತಿರ ಝಾಮರಕೋಟ್ರದಂಥ ಒಂದೆರಡು ಗಣಿ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಹಡಗಿನಲ್ಲೇ ಬರಬೇಕು. ಅಂದರೆ ಹೊಲದಿಂದ ಕೊಚ್ಚಿಹೋಗುವ ಒಂದೊಂದು ಹಿಡಿಯೂ ಸಮುದ್ರ ದಾಟಿ ಬಂದ ಮಾಲು.

ಒಂದು ಕಿಲೋ ಏನು ಮಾಡುತ್ತದೆ?

ಸ್ವಲ್ಪ ಲೆಕ್ಕ ಹಾಕೋಣ. 50 ಕಿಲೋ ಡಿಎಪಿ ಮೂಟೆಯ ಮೇಲೆ 18:46 ಅಂತ ಬರೆದಿರುತ್ತದೆ. 46 ಅನ್ನುವುದು ರಂಜಕದ ಆಕ್ಸೈಡಿನ ಲೆಕ್ಕ. ಅದನ್ನು ಬರೀ ರಂಜಕಕ್ಕೆ ಇಳಿಸಿದರೆ ಮೂಟೆಯಲ್ಲಿ ಸುಮಾರು 10 ಕಿಲೋ ಇರುತ್ತದೆ. ಐದು ಕಿಲೋ ಡಿಎಪಿಯಲ್ಲಿ ಒಂದು ಕಿಲೋ ಅನ್ನಿ.

ಇನ್ನು ಕೆರೆಯ ಲೆಕ್ಕ. ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಲಕ್ಷದಲ್ಲಿ ಮೂರು ಭಾಗದಷ್ಟು ರಂಜಕ ಸೇರಿದರೆ ಸಾಕು, ನೀರು ಪಾಚಿಯ ಕಡೆಗೆ ವಾಲುತ್ತದೆ. ಒಂದು ಕಿಲೋ ರಂಜಕ ಮೂರು ಕೋಟಿ ಲೀಟರಿಗೂ ಮೀರಿದ ತಿಳಿನೀರನ್ನು ಆ ಮಟ್ಟಕ್ಕೆ ಏರಿಸಬಲ್ಲದು. ನಾಲ್ಕು ಎಕರೆ ವಿಸ್ತಾರ, ಸರಾಸರಿ ಎರಡು ಮೀಟರ್ ಆಳದ ಒಂದು ಕಟ್ಟೆಯಲ್ಲಿ ಅಷ್ಟು ನೀರು ಹಿಡಿಯುತ್ತದೆ. ಒಂದು ಕಿಲೋ ರಂಜಕದಿಂದ ಅದರ ಐನೂರು ಪಟ್ಟು ತೂಕದ ಹಸಿ ಪಾಚಿ ಬೆಳೆಯಬಹುದು ಅಂತ ಕೆನಡಾದ ವಿಜ್ಞಾನಿಗಳು 1970ರ ದಶಕದಲ್ಲೇ ಲೆಕ್ಕ ಕೊಟ್ಟಿದ್ದಾರೆ. ಪಾಚಿ ಸತ್ತು ತಳಕ್ಕೆ ಇಳಿದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಮೀನು ಉಸಿರುಕಟ್ಟಿ ಸಾಯುತ್ತವೆ.

ಇಲ್ಲೇ ಇರುವುದು ತೊಡಕು. ಎಕರೆಗೆ ಅರ್ಧ ಕಿಲೋ ರಂಜಕ ತೊಳೆದುಹೋದರೆ ರೈತನ ಇಳುವರಿಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಅವನ ಜೇಬಿಗೆ ತಟ್ಟದ ನಷ್ಟ ಅದು. ಆದರೆ ಸಾವಿರ ಎಕರೆಯ ಅರ್ಧರ್ಧ ಕಿಲೋ ಒಂದೇ ಹಳ್ಳಕ್ಕೆ ಇಳಿದರೆ ಕೆರೆಗೆ ಅದೇ ದೊಡ್ಡ ಗಂಟು. ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಉಳಿತಾಯದ ವಿಷಯದಲ್ಲಿ ಹೇಳಿದ ಮಾತು ಇಲ್ಲಿ ಉಲ್ಟಾ ಹೊಡೆಯುತ್ತದೆ.

ರಂಜಕ ಹೊಲ ಬಿಡುವ ದಾರಿ ಎರಡು. ಒಂದು, ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆಂಪು ನೀರಿನ ಜೊತೆ ಹೋಗುವುದು. ಮಣ್ಣಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣ ಇವು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣು ಕೊಚ್ಚಿದರೆ ರಂಜಕವೂ ಕೊಚ್ಚಿತು. ಇನ್ನೊಂದು, ಸಕ್ಕರೆ ಕರಗಿದ ಹಾಗೆ ನೀರಿನಲ್ಲಿ ಕರಗಿ ಹೋಗುವುದು. ಇದು ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗೇ ಇರುತ್ತದೆ. ಪಾಚಿಗೆ ಇದೇ ಬಲು ಸುಲಭದ ಊಟ. ಈ ಎರಡು ದಾರಿಯ ವ್ಯತ್ಯಾಸವನ್ನು ಓದುಗರು ದಯವಿಟ್ಟು ನೆನಪಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಈರಿಯ ಮೊದಲ ಸಾವು

ಈರಿ ಸರೋವರ ಸುಮಾರು 25,700 ಚದರ ಕಿಲೋಮೀಟರ್ ವಿಸ್ತಾರದ್ದು. ಆ ಭಾಗದ ಐದು ಮಹಾ ಸರೋವರಗಳಲ್ಲಿ ಇದೇ ಆಳ ಕಡಿಮೆ. ಅದರಲ್ಲೂ ಪಡುವಣ ತುದಿ ಸರಾಸರಿ ಏಳೆಂಟು ಮೀಟರ್ ಅಷ್ಟೇ. ಆ ತುದಿಗೆ ಒಹಾಯೋ ರಾಜ್ಯದ ಟೊಲೀಡೋ ಪಟ್ಟಣದ ಬಳಿ ಮೌಮೀ ನದಿ ಬಂದು ಸೇರುತ್ತದೆ. ನದಿಯ ಆಸುಪಾಸಿನಲ್ಲಿ ಹಿಂದೆ ಮಹಾ ಕರಿ ಜೌಗು ಅಂತ ಕರೆಯುತ್ತಿದ್ದ ಕೆಸರುನೆಲ ಇತ್ತು. ಸುಮಾರು 190 ಕಿಲೋಮೀಟರ್ ಉದ್ದ. ಸೊಳ್ಳೆ, ಜ್ವರ, ಕೆಸರು ಬಿಟ್ಟರೆ ಏನೂ ಇಲ್ಲ ಅಂತ ಜನ ಅದಕ್ಕೆ ಹೆದರುತ್ತಿದ್ದರು. 1859ರಲ್ಲಿ ಒಹಾಯೋ ಸರ್ಕಾರ ಕಾಲುವೆ ತೋಡುವುದಕ್ಕೆ ಕಾನೂನು ತಂದಿತು. ರೈತರು ಕಾಲುವೆ ತೋಡಿದರು, ನೆಲದಡಿಗೆ ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಬಸಿದರು. ನಮ್ಮ ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಯಲ್ಲಿ ಕೊಳವೆ ಹಾಕಿ ನೀರು ಬಸಿಯುವುದನ್ನು ಕಂಡವರಿಗೆ ಇದು ಗೊತ್ತಾಗುತ್ತದೆ. 1900ರ ಹೊತ್ತಿಗೆ ಜೌಗು ಹೋಗಿ ಚಿನ್ನದಂಥ ಹೊಲವಾಯಿತು. ಮೆಕ್ಕೆಜೋಳ, ಸೋಯಾ, ಗೋಧಿ ಬೆಳೆದವು. ಆದರೆ ಜೊಂಡು ತುಂಬಿದ ಆ ಜೌಗು ನದಿ ನೀರನ್ನು ಸೋಸುವ ಜರಡಿಯಾಗಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್ ಪಟ್ಟಣಗಳು ಬೆಳೆದವು. ಕೊಳಚೆ ಸರೋವರಕ್ಕೆ ಹರಿಯಿತು. ಎರಡನೇ ಮಹಾಯುದ್ಧದ ನಂತರ ಬಟ್ಟೆ ಒಗೆಯುವ ಪುಡಿಗಳು ಬಂದವು. ಅವುಗಳಲ್ಲಿ ಫಾಸ್ಫೇಟ್ ಹೇರಳ. 1953ರಲ್ಲಿ ಪಡುವಣ ಭಾಗದ ತಳದಲ್ಲಿ ಆಮ್ಲಜನಕ ಮುಗಿದು, ಮೀನಿಗೆ ಆಹಾರವಾಗಿದ್ದ ಮೇಫ್ಲೈ ಎಂಬ ಹುಳು ರಾಶಿ ರಾಶಿ ಸತ್ತಿತು. 1960ರ ದಶಕದಲ್ಲಿ ಪತ್ರಿಕೆಗಳು ಈರಿ ಸತ್ತೇಹೋಯಿತು ಅಂತ ಬರೆದವು. 1969ರ ಜೂನ್ 22ರಂದು ಈರಿಗೆ ಸೇರುವ ಕಯಹೋಗಾ ನದಿಗೆ ಕ್ಲೀವ್‌ಲ್ಯಾಂಡ್ ಹತ್ತಿರ ಬೆಂಕಿ ಹತ್ತಿತು. ನೀರಿನ ಮೇಲಿದ್ದ ಎಣ್ಣೆ, ಕಸ ಉರಿದದ್ದು. ನೀರಿಗೂ ಬೆಂಕಿ ಹತ್ತುತ್ತದೆಯೇ ಅಂತ ದೇಶವೇ ಬೆಚ್ಚಿತು.

ಆಗ ದೊಡ್ಡ ವಾದ ಎದ್ದಿತು. ಪಾಚಿಗೆ ಕಾರಣ ರಂಜಕ ಅಂತ ಕೆಲವು ವಿಜ್ಞಾನಿಗಳು. ಅಲ್ಲ, ಇಂಗಾಲ ಅಂತ ಸಾಬೂನು ಉದ್ಯಮದ ಕಡೆಯವರು. ಕೆನಡಾದವರು ಇದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ಒಂಟಾರಿಯೋ ಪ್ರಾಂತ್ಯದ ಕಾಡಿನಲ್ಲಿ 1968ರಿಂದ ಸರೋವರಗಳನ್ನೇ ಪ್ರಯೋಗಕ್ಕೆ ಮೀಸಲಿಟ್ಟಿದ್ದರು. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೇ ನಂಬರಿನ ಸರೋವರಕ್ಕೆ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಇಂಗಾಲ, ಸಾರಜನಕದ ಜೊತೆ ರಂಜಕ. ರಂಜಕ ಬಿದ್ದ ಪಾಲು ಹಚ್ಚಹಸುರಾಗಿ ಪಾಚಿಗಟ್ಟಿತು, ಪಕ್ಕದ್ದು ತಿಳಿಯಾಗೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಫೋಟೋ ಸಾವಿರ ಪುಟದ ವರದಿ ಮಾಡದ ಕೆಲಸ ಮಾಡಿತು.

1972ರಲ್ಲಿ ಎರಡೂ ದೇಶ ಸೇರಿ ಮಹಾ ಸರೋವರಗಳ ನೀರಿನ ಒಪ್ಪಂದಕ್ಕೆ ಸಹಿ ಹಾಕಿದವು. ಒಗೆಯುವ ಪುಡಿಯಲ್ಲಿ ಫಾಸ್ಫೇಟಿಗೆ ಕಡಿವಾಣ ಬಿತ್ತು. ಕೊಳಚೆ ಸಂಸ್ಕರಣೆಯ ಘಟಕಗಳಲ್ಲಿ ಕಬ್ಬಿಣದ ಲವಣ, ಪಟಿಕ ಹಾಕಿ ರಂಜಕವನ್ನು ತಳಕ್ಕೆ ಕೂರಿಸಿದರು. ದೊಡ್ಡ ಘಟಕಗಳಿಂದ ಹೊರಬರುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮ್ ಮೀರಬಾರದು ಅಂತ ಕಟ್ಟು ಮಾಡಿದರು. ವರ್ಷಕ್ಕೆ 11,000 ಟನ್ ಮೀರಬಾರದು ಎಂಬ ಗುರಿ 1978ರಲ್ಲಿ ಗೊತ್ತಾಯಿತು. 1980ರ ದಶಕದಲ್ಲೇ ಆ ಮಟ್ಟಕ್ಕೆ ಇಳಿಯಿತು. ಮೀನು ಹೆಚ್ಚಿದವು. 1990ರ ದಶಕದ ಮೊದಲಿಗೆ ಮೇಫ್ಲೈ ಹುಳು ಕೂಡ ವಾಪಸ್ ಬಂತು. ಸತ್ತ ಸರೋವರ ಬದುಕಿತು ಅಂತ ಎಲ್ಲರೂ ಬೆನ್ನು ತಟ್ಟಿಕೊಂಡರು.

ಎರಡನೇ ಸಲ

ಪಟ್ಟಣದ ಪೈಪಿಗೆ ಬಿರಡೆ ಹಾಕುವುದು ಸುಲಭ. ಒಂದು ಪೈಪು, ಒಂದು ಇಲಾಖೆ, ಒಂದು ಕಾನೂನು. ಹೊಲಗಳಿಗೆ ಪೈಪು ಎಲ್ಲಿ? ಲಕ್ಷಾಂತರ ಎಕರೆಯಿಂದ ಮಳೆನೀರು ಲಕ್ಷ ದಾರಿಯಲ್ಲಿ ಇಳಿಯುತ್ತದೆ. ಮಣ್ಣು ಕೊಚ್ಚದಿದ್ದರೆ ರಂಜಕವೂ ನಿಂತೀತು ಅಂತ ಅಧಿಕಾರಿಗಳು ಉಳುಮೆ ಇಲ್ಲದ ಬೇಸಾಯಕ್ಕೆ ಒತ್ತು ಕೊಟ್ಟರು. ರೈತರು ಒಪ್ಪಿ ಮಾಡಿದರು. ಮಣ್ಣಿನ ಸವಕಳಿ ಕಡಿಮೆಯಾಯಿತು, ಮಣ್ಣಿಗೆ ಅಂಟಿ ಹೋಗುತ್ತಿದ್ದ ರಂಜಕವೂ ಕಡಿಮೆಯಾಯಿತು. ಇದು ನಿಜವಾದ ಗೆಲುವೇ.

ಆದರೆ ಒಹಾಯೋದ ಹೈಡಲ್‌ಬರ್ಗ್ ಎಂಬ ಸಣ್ಣ ವಿಶ್ವವಿದ್ಯಾಲಯದವರು 1970ರ ದಶಕದಿಂದ ಬಿಡದೆ ನದಿ ನೀರಿನ ಮಾದರಿ ತೆಗೆದು ಅಳೆಯುತ್ತಿದ್ದರು. ಅವರ ಪುಸ್ತಕದಲ್ಲಿ ಬೇರೆ ಕಥೆ ಕಂಡಿತು. 1990ರ ದಶಕದ ನಡುವಿನಿಂದ ಕರಗಿದ ರಂಜಕ ಏರತೊಡಗಿತ್ತು. ಕಾರಣ ಒಂದಲ್ಲ. ಉಳದ ನೆಲದ ಮೇಲೆ ಗೊಬ್ಬರ ಎರಚಿದರೆ ಅದು ಮೇಲಿನ ಒಂದೆರಡು ಅಂಗುಲದಲ್ಲೇ ಕೂತಿರುತ್ತದೆ, ಮಳೆಗೆ ಸಲೀಸಾಗಿ ಕರಗುತ್ತದೆ. ಬಿಡುವಿನ ಕಾಲ ಅಂತ ಬಿತ್ತನೆಗೆ ಆರು ತಿಂಗಳು ಮುಂಚೆಯೇ ಗೊಬ್ಬರ ಚೆಲ್ಲುವ ರೂಢಿ ಬಂತು. ನೆಲದಡಿ ಕೊಳವೆಗಳು ಇನ್ನೂ ಒತ್ತಾಗಿ ಹೂತವು; ಮಣ್ಣಿನ ಬಿರುಕಿನಿಂದ ಇಳಿದ ನೀರು ನೇರ ಕೊಳವೆಗೆ, ಕೊಳವೆಯಿಂದ ಕಾಲುವೆಗೆ. ಬಿರುಮಳೆ ಹೆಚ್ಚಿತು. ಹಿಂದಿನ ವರ್ಷಗಳಲ್ಲಿ ಹಾಕಿ ಮಣ್ಣಲ್ಲಿ ಕೂತಿದ್ದ ರಂಜಕವೂ ನಿಧಾನವಾಗಿ ಬಿಟ್ಟುಕೊಳ್ಳುತ್ತಾ ಬಂತು.

2011ರಲ್ಲಿ ಸುಮಾರು 5,000 ಚದರ ಕಿಲೋಮೀಟರ್ ಪಾಚಿ ಹರಡಿತು. 2014ರ ಆಗಸ್ಟ್ 2ರ ಬೆಳಗಿನ ಜಾವ ಟೊಲೀಡೋ ನಗರದವರಿಗೆ ಸೂಚನೆ ಬಂತು: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ. ಪಾಚಿಯ ವಿಷ ನೀರೆತ್ತುವ ಜಾಗಕ್ಕೇ ಬಂದಿತ್ತು; ಕುದಿಸಿದರೆ ವಿಷ ಹೋಗುವುದಿಲ್ಲ, ನೀರು ಬತ್ತಿ ಇನ್ನೂ ಗಟ್ಟಿಯಾಗುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಜಗತ್ತಿನ ಅತಿದೊಡ್ಡ ಸಿಹಿನೀರಿನ ಸರೋವರಗಳ ದಂಡೆಯಲ್ಲಿ ಕೂತು, ಬಾಟಲಿ ನೀರಿಗೆ ಅಂಗಡಿ ಅಂಗಡಿ ಅಲೆದರು. ಆಗಸ್ಟ್ 4ರವರೆಗೆ ಇದೇ ಪಾಡು.

2015ರಲ್ಲಿ ಒಹಾಯೋ ಸರ್ಕಾರ ಆ ಸೀಮೆಯಲ್ಲಿ ಹೆಪ್ಪುಗಟ್ಟಿದ ನೆಲ, ನೀರು ತುಂಬಿದ ನೆಲದ ಮೇಲೆ ಗೊಬ್ಬರ ಹಾಕುವುದನ್ನು ಕಾನೂನಿನಿಂದ ತಡೆಯಿತು. 2008ರ ಮಟ್ಟಕ್ಕಿಂತ ಶೇಕಡಾ 40ರಷ್ಟು ರಂಜಕ ಇಳಿಸಬೇಕು ಎಂಬ ಗುರಿಯನ್ನು 2016ರಲ್ಲಿ ಎರಡೂ ದೇಶ ಒಪ್ಪಿದವು. 2019ರಿಂದ ಒಹಾಯೋ ಸರ್ಕಾರ ರೈತರಿಗೆ ದುಡ್ಡು ಕೊಟ್ಟು ಒಳ್ಳೆ ಪದ್ಧತಿ ಮಾಡಿಸುತ್ತಾ, ಹಳೇ ಜೌಗನ್ನು ಅಲ್ಲಲ್ಲಿ ಮತ್ತೆ ಕಟ್ಟಿಸುತ್ತಾ ಬಂದಿದೆ. ನೂರೈವತ್ತು ವರ್ಷದ ಹಿಂದೆ ಬಸಿದು ಒಣಗಿಸಿದ ಜೌಗನ್ನು ಮೊಮ್ಮಕ್ಕಳ ಮೊಮ್ಮಕ್ಕಳು ಖರ್ಚುಮಾಡಿ ಕಟ್ಟುತ್ತಿದ್ದಾರೆ ಅನ್ನಿ.

ಸೋಸುವ ಉಪಾಯಗಳು

ಹೊಲ ಬಿಟ್ಟ ರಂಜಕವನ್ನು ನೀರಿಗೆ ಸೇರುವ ಮೊದಲು ಹಿಡಿಯುವುದು ಹೇಗೆ? ಮೂರು ಮುಖ್ಯ ಉಪಾಯ ಬಳಕೆಯಲ್ಲಿವೆ. ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ದೋಷ.

ಮೊದಲನೆಯದು ಹುಲ್ಲಿನ ಪಟ್ಟಿ. ಹೊಲದ ಇಳಿಜಾರಿನ ಕೊನೆಯಲ್ಲಿ, ಹಳ್ಳದ ದಂಡೆಗುಂಟ ಒತ್ತಾಗಿ ಹುಲ್ಲು ಬೆಳೆಸಿದರೆ ನೀರಿನ ವೇಗ ತಗ್ಗಿ ಮಣ್ಣು ಅಲ್ಲೇ ಕೂರುತ್ತದೆ. ಮಣ್ಣಿಗಂಟಿದ ರಂಜಕಕ್ಕೆ ಇದು ಒಳ್ಳೆ ಕಾವಲು. ಕರಗಿದ ರಂಜಕ ಮಾತ್ರ ಇದರಲ್ಲಿ ಬಹಳ ಮಟ್ಟಿಗೆ ನುಸುಳಿಹೋಗುತ್ತದೆ. ಅಲ್ಲದೆ ಹುಲ್ಲನ್ನು ಕೊಯ್ದು ದನಕ್ಕೆ ಹಾಕದೆ ಅಲ್ಲೇ ಕೊಳೆಯಲು ಬಿಟ್ಟರೆ ಹಿಡಿದದ್ದನ್ನೆಲ್ಲ ವಾಪಸ್ ನೀರಿಗೆ ಬಿಡುತ್ತದೆ.

ಎರಡನೆಯದು ಕಟ್ಟಿದ ಜೌಗು. ಇದರ ದೊಡ್ಡ ಉದಾಹರಣೆ ಅಮೆರಿಕದ ತೆಂಕಣ ತುದಿಯ ಫ್ಲಾರಿಡಾದಲ್ಲಿದೆ. ಅಲ್ಲಿನ ಕಬ್ಬಿನ ಸೀಮೆಯಿಂದ ಇಳಿದ ನೀರು ಎವರ್‌ಗ್ಲೇಡ್ಸ್ ಎಂಬ ಹುಲ್ಲುಜೌಗಿನ ಕಾಡನ್ನು ಕೆಡಿಸುತ್ತಿದೆ ಅಂತ 1988ರಲ್ಲಿ ಕೋರ್ಟಿಗೆ ಹೋಯಿತು. 1994ರಲ್ಲಿ ಕಾನೂನಾಯಿತು. ಕಬ್ಬಿನ ಸೀಮೆ ಮತ್ತು ಕಾಡಿನ ನಡುವೆ ಇಂದು 57,000 ಎಕರೆಗೂ ಮೀರಿದ ಜೌಗನ್ನು ಕಟ್ಟಿ, ಗಿಡಗಂಟಿ, ಜಲಸಸ್ಯಗಳ ನಡುವೆ ನೀರನ್ನು ನಿಧಾನ ಹಾಯಿಸಿ ಬಿಡುತ್ತಾರೆ. ಅದಕ್ಕಿಂತ ನಮಗೆ ಹತ್ತಿರದ ಮಾತೆಂದರೆ, ಕಬ್ಬು ಬೆಳೆಗಾರರು ತಮ್ಮ ಪಾಲಿನ ರಂಜಕವನ್ನು ಶೇಕಡಾ 25 ಇಳಿಸಬೇಕು ಅಂತ ಕಟ್ಟಳೆ ಇತ್ತು. ಅವರು ಸರಾಸರಿ ಅದರ ಎರಡರಷ್ಟು ಇಳಿಸಿ ತೋರಿಸಿದರು. ಮಾಡಿದ್ದು ದೊಡ್ಡ ಮಂತ್ರವೇನಲ್ಲ. ಮಣ್ಣು ಪರೀಕ್ಷೆ ಮಾಡಿಸಿದರು, ಗೊಬ್ಬರ ಎರಚದೆ ಸಾಲಿನಲ್ಲಿ ಹಾಕಿದರು, ಮಳೆ ಬಂದ ಕೂಡಲೆ ಪಂಪು ಹಾಕದೆ ಕಾಲುವೆಯಲ್ಲಿ ನೀರು ನಿಲ್ಲಿಸಿ ಕೆಸರು ಕೂರಿಸಿದರು, ಕಾಲುವೆ ಹೂಳು ತೆಗೆದರು.

ಮೂರನೆಯದು ಕಿಟ್ಟದ ಜರಡಿ. ಉಕ್ಕಿನ ಕಾರ್ಖಾನೆಯಲ್ಲಿ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್, ನಮ್ಮ ಭದ್ರಾವತಿ, ತೋರಣಗಲ್ಲಿನ ಕಡೆಯವರಿಗೆ ಹೊಸದಲ್ಲ. ಅದರಲ್ಲಿ ಸುಣ್ಣ, ಕಬ್ಬಿಣದ ಅಂಶ ಇರುವುದರಿಂದ ಕರಗಿದ ರಂಜಕ ಅದಕ್ಕೆ ಅಂಟುತ್ತದೆ. ಅಮೆರಿಕದ ಮಣ್ಣು ವಿಜ್ಞಾನಿ ಚಾಡ್ ಪೆನ್ ಮತ್ತು ಸಂಗಡಿಗರು ಹೊಲದ ಕಾಲುವೆಗೆ ಅಡ್ಡಲಾಗಿ ಇಂಥ ಜರಡಿಗಳನ್ನು ಕೂರಿಸಿ ಪರೀಕ್ಷೆ ಮಾಡಿದ್ದಾರೆ. ಹುಲ್ಲು ಹಿಡಿಯಲಾಗದ ಕರಗಿದ ರಂಜಕವನ್ನು ಇದು ಹಿಡಿಯುತ್ತದೆ. ಆದರೆ ನೀರು ಇಳಿಯಲು ಇಳಿಜಾರು ಬೇಕು, ಕಿಟ್ಟದ ಜೊತೆ ನೀರಿಗೆ ಸ್ವಲ್ಪ ಹೊತ್ತು ಸಿಗಬೇಕು, ಬಳಸುವ ಕಿಟ್ಟದಲ್ಲಿ ಬೇರೆ ವಿಷದ ಲೋಹ ಇಲ್ಲ ಅಂತ ಮೊದಲೇ ಪರೀಕ್ಷೆ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೂ ಒಂದು ಆಯಸ್ಸಿದೆ. ನ್ಯೂಜಿಲೆಂಡಿನ ವಾಯುಕು ಎಂಬಲ್ಲಿ ಊರ ಕೊಳಚೆನೀರಿಗೆ ಹಾಕಿದ ಕಿಟ್ಟದ ಜರಡಿ ಮೊದಲ ಐದು ವರ್ಷ ರಂಜಕದ ಮುಕ್ಕಾಲು ಪಾಲು ಹಿಡಿಯಿತು. ಆಮೇಲೆ ಹೊಟ್ಟೆ ತುಂಬಿ ಸುಸ್ತಾಯಿತು.

ಮೂರನ್ನೂ ಒಟ್ಟಿಗೆ ನೋಡಿದರೆ ತಿಳಿಯುವುದು ಇಷ್ಟೇ. ರಂಜಕ ಆವಿಯಾಗಿ ಹೋಗುವ ವಸ್ತು ಅಲ್ಲ. ಸಾರಜನಕ ಗಾಳಿಗೆ ಹೋದೀತು, ರಂಜಕ ಹೋಗಲಾರದು. ಜರಡಿಯಲ್ಲಿ ಹಿಡಿದದ್ದನ್ನು ಯಾರಾದರೂ ಎತ್ತಿ ಹೊಲಕ್ಕೆ ಮರಳಿಸಬೇಕು. ಇಲ್ಲವಾದರೆ ಸೋಸುವುದು ಅನ್ನುವುದು ಇವತ್ತಿನ ಸಾಲವನ್ನು ನಾಳೆಗೆ ನವೀಕರಿಸಿದ ಹಾಗೆ.

ನಮ್ಮ ಕೆರೆಗಳ ಮಾತು

ನದಿಗೆ ಬೆಂಕಿ ಹತ್ತಿದ್ದು ಕೇಳಿ ನಗಬೇಕಾಗಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಅದೇ ಕೆರೆಯಲ್ಲಿ ಬೆಂಕಿ, ಹೊಗೆ ಎದ್ದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಅಲ್ಲಿಯ ಮೂಲ ಪಟ್ಟಣದ ಕೊಳಚೆ ಮತ್ತು ಸಾಬೂನು ಪುಡಿ, ಹೊಲವಲ್ಲ. ಅದೇ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರನ್ನು ಜೊಂಡಿನ ಜೌಗಿನಲ್ಲಿ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಿದರು. ಫ್ಲಾರಿಡಾದ ಉಪಾಯ ನಮ್ಮಲ್ಲೂ ನಡೆಯುತ್ತದೆ ಎನ್ನಲು ಅದು ಸಾಕ್ಷಿ.

ಹಳ್ಳಿ ಕೆರೆಯ ವಿಷಯ ಬೇರೆ. ಇಲ್ಲಿ ಹೊಲದ ನೀರೇ ಕೆರೆಯ ನೀರು. ನಮ್ಮ ಹಿರಿಯರಿಗೆ ರಂಜಕದ ಹೆಸರು ಗೊತ್ತಿರಲಿಲ್ಲ, ಆದರೆ ವ್ಯವಹಾರ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆ ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಕೊಚ್ಚಿ ತಂದ ಮಣ್ಣು, ಅದಕ್ಕಂಟಿದ ಸತ್ವ, ಕೆರೆಯ ತಳದಲ್ಲಿ ಕೂತಿದ್ದು ಮತ್ತೆ ಹೊಲ ಸೇರುತ್ತಿತ್ತು. ಕೆರೆಯೇ ಜರಡಿ, ಗಾಡಿಯೇ ಜರಡಿ ತೊಳೆಯುವ ಯಂತ್ರ. ಒಹಾಯೋದವರು ಇಂದು ಕೋಟಿ ಖರ್ಚುಮಾಡಿ ಹುಡುಕುತ್ತಿರುವ ಸುತ್ತು ಇದೇ. ಮೂಟೆಗೊಬ್ಬರ ಬಂದ ಮೇಲೆ ಗೋಡು ಹೊಡೆಯುವುದು ಎಷ್ಟೋ ಊರಲ್ಲಿ ನಿಂತಿತು. ಕೆರೆಯಲ್ಲಿ ಹೂಳೂ ಉಳಿಯಿತು, ರಂಜಕವೂ ಉಳಿಯಿತು. 2002ರಲ್ಲಿ ನಮ್ಮ ರಾಜ್ಯದಲ್ಲಿ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳು ಶುರುವಾದಾಗ ಹೂಳೆತ್ತುವ ಮಾತು ಮತ್ತೆ ಬಂತು. ಪಟ್ಟಣದ ಕೊಳಚೆ, ಕಾರ್ಖಾನೆ ನೀರು ಸೇರುವ ಕೆರೆಯ ಗೋಡನ್ನು ಮಾತ್ರ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬಾರದು.

ಹುಲ್ಲಿನ ಪಟ್ಟಿಯೂ ನಮಗೆ ಹೊಸದಲ್ಲ. ಗುಂಡ್ಲುಪೇಟೆ ಸೀಮೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಲಾವಂಚ ನೆಟ್ಟು ಬಂದಿದ್ದಾರೆ. ಬೇರು ಆಳಕ್ಕೆ ಇಳಿದು ಬದು ಕುಸಿಯದ ಹಾಗೆ ಹಿಡಿಯುತ್ತದೆ. ಮಣ್ಣು ಸಂರಕ್ಷಣೆಯ ಕೆಲಸಕ್ಕೆ ಬಂದ ವಿದೇಶಿ ತಜ್ಞರು 1980ರ ದಶಕದಲ್ಲಿ ಇದನ್ನು ನೋಡಿ ಜಗತ್ತಿಗೆಲ್ಲ ಸಾರಿದರು.

ಸಂಘ ಏನು ಮಾಡಬಹುದು?

ಗೊಬ್ಬರ ಮಾರುವ ಸಂಘವೇ ಗೊಬ್ಬರ ಕಡಿಮೆ ಹಾಕಿ ಅನ್ನುವುದುಂಟೇ ಅಂತ ಕೆಲವರು ಕೇಳಬಹುದು. ಕೇಳತಕ್ಕ ಮಾತೇ. ಮೂಟೆಗೆ ಇಷ್ಟು ಅಂತ ಬರುವ ಕಮಿಷನ್ನೂ ಸಂಘದ ಆದಾಯವೇ. ಆದರೆ ಸಂಘ ಅಂಗಡಿ ಅಲ್ಲ. ಗಿರಾಕಿಯೇ ಮಾಲೀಕನಾದ ಮೇಲೆ ಗಿರಾಕಿಗೆ ಬೇಡದ್ದನ್ನು ಮಾರಿ ಲಾಭ ಮಾಡುವುದು, ಬಲಗೈ ಜೇಬಿನಿಂದ ತೆಗೆದು ಎಡಗೈ ಜೇಬಿಗೆ ಹಾಕಿಕೊಂಡ ಹಾಗೆ. ಕಡಿಮೆ ಹಾಕಿ ಅಂತ ನಾವು ಹೇಳುತ್ತಿಲ್ಲ; ಮಣ್ಣು ಕೇಳಿದಷ್ಟು ಹಾಕಿ, ಬೇರಿಗೆ ಸಿಗುವಲ್ಲಿ ಹಾಕಿ ಅನ್ನುತ್ತಿದ್ದೇವೆ. ರಂಜಕ ಕಡಿಮೆ ಇರುವ ಹೊಲಕ್ಕೆ ಗೊಬ್ಬರ ಬೇಕೇ ಬೇಕು. ಈಗಾಗಲೇ ಹೆಚ್ಚಿರುವ ಹೊಲಕ್ಕೆ ಮತ್ತೆ ಸುರಿದರೆ ದುಡ್ಡೂ ಹೋಯಿತು, ಸತು ಬೆಳೆಗೆ ಸಿಗದೆ ಕೊರತೆಯೂ ಬಂತು.

2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಯೋಜನೆ ತಂದಿತು. ಅದರಲ್ಲಿ ರಂಜಕದ ಮಟ್ಟ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಅಂತ ಬರೆದಿರುತ್ತದೆ. ಗೊಬ್ಬರ ಕೊಳ್ಳಲು ಬರುವಾಗ ಪಾಸ್ ಪುಸ್ತಕದ ಜೊತೆ ಆ ಚೀಟಿಯನ್ನೂ ತರುವುದು ರೂಢಿಯಾಗಲಿ. ಎರಚುವ ಬದಲು ಬೀಜ-ಗೊಬ್ಬರ ಒಟ್ಟಿಗೆ ಬೀಳುವ ಕೂರಿಗೆಯಲ್ಲಿ ಸಾಲಿಗೆ ಹಾಕೋಣ. ಎಲ್ಲರಿಗೂ ಸ್ವಂತ ಕೂರಿಗೆ ಆಗದಿದ್ದರೆ ಸಂಘವೇ ಬಾಡಿಗೆಗೆ ಇಡಬಹುದು. ದೊಡ್ಡ ಮಳೆ ಬರುವ ಸೂಚನೆ ಇದ್ದರೆ ಎರಡು ದಿನ ತಡೆಯೋಣ. ಹಳ್ಳದ ದಂಡೆಯಲ್ಲಿ ನಾಲ್ಕು ಹೆಜ್ಜೆ ಹುಲ್ಲಿಗೆ ಬಿಟ್ಟು ಕೊಯ್ದು ದನಕ್ಕೆ ಹಾಕೋಣ. ಬೇಸಿಗೆಯಲ್ಲಿ ಗೋಡು ಹೊಡೆಯಲು ಟ್ರ್ಯಾಕ್ಟರ್ ಬಾಡಿಗೆಗೆ ಸಣ್ಣ ಸಾಲ ಕೊಡುವುದು ಸಂಘಕ್ಕೆ ಹೊರೆಯೇನಲ್ಲ.

ಇದನ್ನು ಒಬ್ಬಿಬ್ಬರು ಮಾಡಿದರೆ ಕೆರೆಗೆ ತಿಳಿಯುವುದಿಲ್ಲ. ಮೇಲಿನ ಹೊಲದವನು ಬಿಟ್ಟದ್ದು ಕೆಳಗಿನವನ ಕಟ್ಟೆಗೆ ಬರುತ್ತದೆ. ಈರಿಯ ದಂಡೆಯ ಒಬ್ಬೊಬ್ಬ ರೈತನೂ ನನ್ನ ಹೊಲದ ಒಂದು ಕಿಲೋದಿಂದ ಏನಾದೀತು ಅಂದುಕೊಂಡದ್ದು ಸುಳ್ಳಲ್ಲ, ಅವನ ಮಟ್ಟಿಗೆ ಅದು ಸರಿಯೇ. ಎಲ್ಲರ ಒಂದು ಕಿಲೋ ಸೇರಿದಾಗ ಟೊಲೀಡೋದ ನಲ್ಲಿ ನಿಂತಿತು. ಒಬ್ಬನಿಂದ ಆಗದ ಕೆಲಸಕ್ಕೇ ಅಲ್ಲವೇ ಸಹಕಾರ ಹುಟ್ಟಿದ್ದು? 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ ರೈತನನ್ನು ಕಾಡುತ್ತಿದ್ದದ್ದು ಸಾಹುಕಾರರ ಬಡ್ಡಿ. ಇಂದು ಕೆರೆಯ ತಳದಲ್ಲಿ ಬೆಳೆಯುತ್ತಿರುವುದೂ ಒಂದು ಥರದ ಬಡ್ಡಿಯೇ. ತೀರಿಸುವವರು ನಮ್ಮ ಮಕ್ಕಳು.

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ಸಾಲ, ಷೇರಿನ ವಿಷಯ ಮುಗಿದ ಮೇಲೆ ಕೆರೆ ಗೋಡಿನ ವಿಷಯಕ್ಕೂ ಅರ್ಧ ಗಂಟೆ ಇಡಬೇಕೆಂದು ಆಡಳಿತ ಮಂಡಲಿಯವರಲ್ಲಿ ವಿನಂತಿ ಮಾಡಿಕೊಳ್ಳುತ್ತೇವೆ. ಸುವರ್ಣ ಮಹೋತ್ಸವದ ಹೊತ್ತಿಗೆ ಕೆರೆ ಕೋಡಿ ಬಿದ್ದಾಗ ತಿಳಿನೀರು ಹರಿಯಲಿ ಎಂದು ಹಾರೈಸುತ್ತೇವೆ.